ಫರಸಿ, ಕೌದಿ ಮತ್ತು ಹಾಡಿನ ಪೆಟ್ಟಿಗೆ

ನಮ್ಮ ಸೀಮೆಗೆ ರೇಡಿಯೋದ ಹಾಡು ಬಂದದ್ದು ಹೈದರಾಬಾದಿನ ಕಡೆಯಿಂದ. 1935ರಲ್ಲಿ ನಿಜಾಮ ಸರಕಾರದ ಕೈಸೇರಿದ ಅಲ್ಲಿನ ರೇಡಿಯೋ ಕೇಂದ್ರ ಮುಂದೆ ಡೆಕ್ಕನ್ ರೇಡಿಯೋ ಎಂದು ಹೆಸರಾಗಿ, ಉರ್ದುವಿನ ಜೊತೆಗೆ ಕನ್ನಡಕ್ಕೂ ಒಂದಿಷ್ಟು ವೇಳೆ ಕೊಡುತ್ತಿತ್ತು. ಆಗ ರೇಡಿಯೋ ಎಂದರೆ ಉಳ್ಳವರ ಪಡಸಾಲೆಯ ವಸ್ತು. 1950ರಲ್ಲಿ ಆ ಕೇಂದ್ರ ಆಕಾಶವಾಣಿಯಲ್ಲಿ ಸೇರಿತು. ಅದೇ ವರುಷ ಧಾರವಾಡದ ಕೇಂದ್ರ ಶುರುವಾಯಿತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1966ರಲ್ಲಿ ಗುಲಬರ್ಗಾದಲ್ಲಿಯೇ ಆಕಾಶವಾಣಿ ಮಾತಾಡತೊಡಗಿದಾಗ, ಚಿತ್ತಾಪುರ, ಸೇಡಂ, ಚಿಂಚೋಳಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಲೇ ತಮ್ಮ ಜಿಲ್ಲೆಯ ದನಿ ಕೇಳುವಂತಾಯಿತು.

ಹಾಡು ಗಾಳಿಯಲ್ಲಿ ಬಂದರೆ, ಹಾಡಿನ ಪೆಟ್ಟಿಗೆ ಸಂಬಳದಲ್ಲಿ ಬಂತು. 1871ರ ಹೊತ್ತಿಗೆ ಮುಂಬಯಿಯ ರೈಲು ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತ್ತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಹೊರಟಿತು. ನೆಲದ ತುಂಬ ಸುಣ್ಣಕಲ್ಲು, ಊರ ಮುಂದೆ ರೈಲು! ಹೀಗಾಗಿ ಸಿಮೆಂಟು ಬಂತು. ಮೊದಲು ಶಹಾಬಾದಕ್ಕೆ, 1960ರ ದಶಕದ ಕೊನೆಗೆ ವಾಡಿಗೆ, 1980ರ ದಶಕದಲ್ಲಿ ಸೇಡಂ, ಮಳಖೇಡಗಳಿಗೆ. ಮಳೆ ನಂಬಿ ತೊಗರಿ ಬೆಳೆಯುತ್ತಿದ್ದ ಮನೆಗಳಲ್ಲಿ ತಿಂಗಳ ಸಂಬಳ ಎಂಬುದೊಂದು ಕಾಣಿಸಿಕೊಂಡಿತು. ಆದರೂ ಅದರಲ್ಲಿ ಹೈ-ಫೈ ಸೆಟ್ಟನ್ನು ಒಮ್ಮೆಗೇ ಕೊಳ್ಳುವುದು ಆಗದ ಮಾತು. 1991ರ ಮೊದಲು ಪರದೇಶದ ಸಾಮಾನಿಗೆ ಭಾರೀ ಸುಂಕವಿತ್ತು. ಸಂಗೀತದ ಹುಚ್ಚಿದ್ದವರು ಮನೆ ಕಟ್ಟಿದ ಹಾಗೆ, ಈ ವರುಷ ಒಂದು ಗೋಡೆ ಮುಂದಿನ ವರುಷ ಒಂದು ಬಾಗಿಲು ಎಂದು ಸೇರಿಸುತ್ತ ಹೋದರು.

ನಾನು 1979ರಲ್ಲಿ ಸೇಡಂ ಬಿಟ್ಟು ವಾಡಿಯ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿದ್ದದ್ದು ಎರಡು ಬ್ಯಾಂಡಿನ ರೇಡಿಯೋ. ವರುಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಅದರ ಲೈಸೆನ್ಸಿನ ಹಣ ಕಟ್ಟುವ ಕಾಲ ಅದು. ಮೊದಲ ಕಂತಾಗಿ ನಮ್ಮ ಮನೆಯವರು ಎಂಟಿಂಚಿನ ಒಂದು ಸ್ಪೀಕರು ತಂದರು. ಚಿತ್ತಾಪುರದ ಬಡಿಗೇರರೊಬ್ಬರು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಕೊಟ್ಟರು. ಪೆಟ್ಟಿಗೆ ಯಾಕೆ ಬೇಕು ಎನ್ನುತ್ತೀರಾ? ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ನೂಕಿದಾಗ ಹಿಂದಿನಿಂದ ಗಾಳಿ ಸೆಳೆಯುತ್ತದೆ. ನಡುವೆ ತಡೆಯಿಲ್ಲದಿದ್ದರೆ ಎರಡೂ ಒಂದನ್ನೊಂದು ತಿಂದು, ತಬಲಾದ ಡಗ್ಗಾದ ದನಿಯೇ ಮಾಯವಾಗುತ್ತದೆ. ಚಹಾದ ಹೋಟೆಲಿನವರು ಮಡಕೆಯ ಬಾಯಿಗೆ ಸ್ಪೀಕರು ಕೂಡಿಸುತ್ತಿದ್ದದ್ದೂ ಇದಕ್ಕೇ.

ಎರಡನೆಯ ಕಂತು ನನ್ನದು. ನಮ್ಮ ಓಣಿಯ ಹನ್ನೆರಡು ಮಂದಿ ಹೆಂಗಸರು ತಿಂಗಳಿಗೆ 25 ರೂಪಾಯಿಯ ಭಿಶಿ ಚೀಟಿ ನಡೆಸುತ್ತಿದ್ದೆವು. 1983ರಲ್ಲಿ ನನ್ನ ಪಾಳಿಗೆ ಬಂದ 300 ರೂಪಾಯಿಗೆ ಮನೆಯವರು ತಮ್ಮ ಬೋನಸ್ಸಿನ ಪಾಲು ಸೇರಿಸಿದರು, ಟೂ-ಇನ್-ವನ್ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಜಗತ್ತಿಗೆ ತೋರಿಸಿದ ಆ ಪುಟ್ಟ ಕ್ಯಾಸೆಟ್ಟು ಇಪ್ಪತ್ತು ವರುಷಕ್ಕೆ ನಮ್ಮ ಗೂಡಿಗೆ ಬಂದು ಕೂತಿತು. ರೇಡಿಯೋ ಹಾಡಿದ್ದನ್ನು ನಾವು ಕೇಳಬೇಕಿತ್ತು. ಕ್ಯಾಸೆಟ್ಟು ನಾವು ಕೇಳಿದ್ದನ್ನು ಹಾಡಿತು. ನನ್ನ ಭಿಶಿಯ ಹಣ ಅದರಲ್ಲಿ ಇದ್ದುದರಿಂದ ಮಧ್ಯಾಹ್ನದ ವೇಳೆ ನನ್ನದೆಂದು ಯಾರೂ ಹೇಳದೆಯೇ ಗೊತ್ತಾಯಿತು. ಕೈಯಿಂದ ನಾಲ್ಕು ಕಾಸು ಹಾಕಿದವಳಿಗೆ ಮನೆಯಲ್ಲಿ ಗುಂಡಿ ಒತ್ತುವ ಹಕ್ಕು ತಾನಾಗಿ ಬರುತ್ತದೆ, ನೀವೂ ನೋಡಿರಬಹುದು.

ಮೂರನೆಯದು 1988ರಲ್ಲಿ, ಶಹಾಬಾದದ ರೇಡಿಯೋ ರಿಪೇರಿಯವರು ಕೈಯಾರೆ ಜೋಡಿಸಿಕೊಟ್ಟ ಹತ್ತು ವಾಟಿನ ಆಂಪ್ಲಿಫೈಯರ್. ಇನ್ನಷ್ಟು ಹಣ ಕೊಟ್ಟು ಇಪ್ಪತ್ತು ವಾಟಿನದು ತರಬಹುದಿತ್ತು. ಆ ರಿಪೇರಿಯವರೇ ಬೇಡವೆಂದರು. ವಾಟು ಇಮ್ಮಡಿಯಾದರೆ ದನಿ ಇಮ್ಮಡಿಯಾಗುವುದಿಲ್ಲ, ಕಿವಿಗೆ ಒಂದಿಷ್ಟು ಏರಿದಂತೆ ಅನ್ನಿಸುತ್ತದೆ, ಅಷ್ಟೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಉಳಿದ ಹಣಕ್ಕೆ ಇನ್ನೊಂದು ಸ್ಪೀಕರು ಬಂದು ಜೋಡಿಯಾಯಿತು.

ಆದರೂ ಹಾಡು ಹಸನಾಗಿ ಕೇಳಲಿಲ್ಲ. ಅತ್ತೆಯವರು ಒಂದು ಸಂಜೆ, "ಏನವ್ವಾ, ಇಂವ ಹಾಡ್ಲತ್ತಾನೋ, ಬಾವ್ಯಾಗ ಕುಂತು ಒದರ್ಲತ್ತಾನೋ?" ಎಂದರು. ಅವರ ಮಾತು ಸರಿಯಿತ್ತು. ನಮ್ಮ ಮನೆಗಳ ನೆಲವೆಲ್ಲ ಶಹಾಬಾದದ ಫರಸಿ, ಬೇಸಿಗೆಗೆ ತಂಪು, ಒರೆಸಲು ಸುಲಭ. ಆದರೆ ಆ ಬಿರುಸು ಕಲ್ಲು ದನಿಯನ್ನು ಹೀರುವುದಿಲ್ಲ, ತಿರುಗಿ ಎಸೆಯುತ್ತದೆ, ಗೋಡೆಗಳೂ ಹಾಗೆಯೇ. ಪೆಟ್ಟಿಗೆಯಿಂದ ನೇರ ಬಂದ ಸ್ವರದ ಮೇಲೆ ಕಲ್ಲಿಗೆ ಬಡಿದ ಸ್ವರ ಬಿದ್ದು ಮಾತು ಕಲಸಿಹೋಗುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅತ್ತೆಯವರೇ ಹೊಲಿದ ಎರಡು ಕೌದಿ ಇದ್ದವು. ಒಂದನ್ನು ನೆಲಕ್ಕೆ ಹಾಸಿದೆ, ಇನ್ನೊಂದನ್ನು ಎದುರಿನ ಗೋಡೆಗೆ ತೂಗಹಾಕಿದೆ. ಹಾಡಿನ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿದವು. ಕಂತುಗಳಲ್ಲೆಲ್ಲ ದುಡ್ಡು ಬೀಳದ ಕಂತು ಇದು, ಗುಣದಲ್ಲಿ ದೊಡ್ಡದೂ ಇದೇ. ಹೊಸ ಸ್ಪೀಕರು ಕೊಳ್ಳುವ ಮೊದಲು ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಝಣ್ಣೆಂದರೆ ಮೊದಲು ಬಟ್ಟೆ ಹಾಸಿ.

ಅದೇ ಫರಸಿ ಇನ್ನೊಂದು ಕಡೆ ಕೈಹಿಡಿಯಿತು. 1990ರ ದಶಕದಲ್ಲಿ ಜನ ರಿಕಾರ್ಡುಗಳನ್ನು ಮಾರಿಕೊಳ್ಳುತ್ತಿದ್ದಾಗ ಹೈದರಾಬಾದಿನ ಕೋಠಿಯಿಂದ ಹಳೆಯ ರಿಕಾರ್ಡ್ ಪ್ಲೇಯರು ತಂದೆವು. ಯಾರಾದರೂ ನಡೆದರೂ ಮುಳ್ಳು ಜಿಗಿಯುತ್ತಿತ್ತು. ದಪ್ಪನೆಯ ಫರಸಿಯ ತುಂಡೊಂದನ್ನು ಅಡಿಗಿಟ್ಟೆವು, ನಿಂತಿತು. ರೇಡಿಯೋದ ಮಧ್ಯಮ ತರಂಗದಲ್ಲಿ ಮೇಲಿನ ಸ್ವರಗಳು ಉದುರಿಹೋಗುತ್ತವೆ. ಆದ್ದರಿಂದ ತಂಬೂರಿಯ ಜವಾರಿಯ ಪೂರಾ ಝೇಂಕಾರವನ್ನು ನಾನು ಮನೆಯಲ್ಲಿ ಕೇಳಿದ್ದು ಅಂದೇ.

ಆಮೇಲೆ ಸಿಡಿ ಬಂತು, ಮೊಬೈಲೂ ಬಂತು. ಹಳೆಯದನ್ನು ಕೊಟ್ಟು ಹೊಸದು ಒಯ್ಯಿರಿ ಎಂಬ ಅಂಗಡಿಯ ಬೋರ್ಡುಗಳೂ ಬಂದವು. ಒಮ್ಮೆಗೇ ಕೊಂಡವರ ಮನೆಯಲ್ಲಿ ಒಮ್ಮೆಗೇ ಖಾಲಿಯೂ ಆಯಿತು. ನಮ್ಮದು ಬಿಡಿಬಿಡಿಯಾಗಿ ಬಂದದ್ದರಿಂದ ಒಂದು ಹೋದರೂ ಉಳಿದವು ಉಳಿದವು. ಅದರ ಬೆಲೆ ತಿಳಿದದ್ದು ಅತ್ತೆಯವರು ತೀರಿಕೊಂಡ ಮೇಲೆ. ಅವರು ಚಿಂಚೋಳಿ ಕಡೆಯವರು. ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಅವರ ಪದಗಳನ್ನು 1984ರ ಒಂದು ಮಧ್ಯಾಹ್ನ ಅದೇ ಟೂ-ಇನ್-ವನ್ನಿನಲ್ಲಿ ತುಂಬಿಕೊಂಡಿದ್ದೆ. ಅಂಥ ಪದಗಳು ಯಾವ ಅಂಗಡಿಯಲ್ಲೂ ಸಿಗಲಾರವು. ಟೂ-ಇನ್-ವನ್ನಿನ ರಬ್ಬರ್ ಬೆಲ್ಟು ಅಂಟಿನಂತೆ ಕರಗಿತ್ತು, ಹೊಸದು ಹಾಕಿಸಿದೆವು. ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಟೇಪನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ ಸಡಿಲಿಸಿ, ಇಯರ್‌ಫೋನಿನ ತೂತಿನಿಂದ ತಂತಿ ಎಳೆದು ಮಗ ಅದನ್ನು ಕಂಪ್ಯೂಟರಿಗೆ ಇಳಿಸಿದ. ಕಲ್ಲಿನ ಗರಗರ, ಬಳೆಯ ಸದ್ದು, ನಡುವೆ ಹೊರಟ ಗೂಡ್ಸ್ ಗಾಡಿಯ ಕೂಗು, ಎಲ್ಲದರ ಮೇಲೆ ಅತ್ತೆಯವರ ದನಿ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದು ಟೇಪು ಇರಬಹುದು. ಟೇಪಿಗೂ ವಯಸ್ಸಾಗುತ್ತದೆ. ಹೊಸ ಸೆಟ್ಟು ದೀಪಾವಳಿಗೆ ಬರಲಿ, ಯುಗಾದಿಗೆ ಬರಲಿ. ಅದನ್ನು ಓದಬಲ್ಲ ಹಳೆಯ ಯಂತ್ರವನ್ನು ಮಾತ್ರ ಟೇಪು ಇಳಿಸಿಕೊಳ್ಳುವ ತನಕ ಗುಜರಿಗೆ ಹಾಕಬೇಡಿ.