ಕೋಡ್‌ರಹಿತ ಕಾರ್ಯಹರಿವು ಸ್ವಯಂಚಾಲನೆ

ಕೋಡ್‌ರಹಿತ ಕಾರ್ಯಹರಿವು ಸ್ವಯಂಚಾಲನೆ ಎಂದರೆ, ಪ್ರೋಗ್ರಾಂ ಬರೆಯದೆ, ಪರದೆಯ ಮೇಲಿನ ಚೌಕಗಳನ್ನು ಜೋಡಿಸಿ ಅಥವಾ ಪಟ್ಟಿಗಳಿಂದ ಆಯ್ದು, ಒಂದು ಕೆಲಸದ ಹಂತಗಳು ಕ್ಲೌಡ್ ಸರ್ವರ್‌ಗಳಲ್ಲಿ ತಾವಾಗಿಯೇ ನಡೆಯುವಂತೆ ಏರ್ಪಡಿಸುವ ವಿಧಾನ. ಅರ್ಜಿ ಬಂದೊಡನೆ ದಾಖಲಿಸುವುದು, ಸಂಬಂಧಪಟ್ಟ ಅಧಿಕಾರಿಯ ಮುಂದಿಡುವುದು, ಅರ್ಜಿದಾರರಿಗೆ ಸಂದೇಶ ಕಳುಹಿಸುವುದು ಇಂಥ ಕೆಲಸಗಳಿಗೆ ಉದಾಹರಣೆಗಳು. ಝೇಪಿಯರ್, ಮೇಕ್, ಪವರ್ ಆಟೊಮೇಟ್, ಜೋಹೊ ಫ್ಲೋ ಈ ಬಗೆಯ ಖಾಸಗಿ ಸೇವೆಗಳು. ಕರ್ನಾಟಕದ ಜನರಿಗೆ ಇದರ ಪರಿಚಿತ ರೂಪವೆಂದರೆ ಸರ್ಕಾರದ ಸೇವಾಸಿಂಧು ಜಾಲತಾಣ.

ರಚನೆ

ಕಾರ್ಯಹರಿವು ಯಾವಾಗಲೂ ಒಂದು ಘಟನೆಯಿಂದ ಆರಂಭವಾಗುತ್ತದೆ. ಇದನ್ನು ಟ್ರಿಗರ್ ಎನ್ನುತ್ತಾರೆ. ಅರ್ಜಿ ಸಲ್ಲಿಕೆಯಾಗುವುದು, ಇಮೇಲ್ ಬರುವುದು, ಗೊತ್ತುಪಡಿಸಿದ ಗಂಟೆ ಆಗುವುದು ಇವೆಲ್ಲ ಟ್ರಿಗರ್‌ಗಳು. ಅದರ ಬೆನ್ನಿಗೆ ನಡೆಯುವ ಕೆಲಸಗಳು ಕ್ರಿಯೆಗಳು. ಎರಡರ ನಡುವೆ ದಾರಿಯನ್ನು ಕವಲೊಡೆಸುವವು ಷರತ್ತುಗಳು. ಬೇರೆ ಬೇರೆ ತಂತ್ರಾಂಶಗಳನ್ನು ಬೆಸೆಯುವ ಸಿದ್ಧ ಕೊಂಡಿಗೆ ಕನೆಕ್ಟರ್ ಎಂದು ಹೆಸರು. ಟ್ರಿಗರ್ ಎರಡು ರೀತಿಯಲ್ಲಿ ಕೆಲಸ ಮಾಡಬಲ್ಲದು: ಹೊಸದೇನಾದರೂ ಬಂದಿದೆಯೇ ಎಂದು ನಿಗದಿತ ಅಂತರದಲ್ಲಿ ಹೋಗಿ ನೋಡುವುದು, ಅಥವಾ ಮೂಲ ತಂತ್ರಾಂಶವೇ ತಕ್ಷಣ ಸುದ್ದಿ ಮುಟ್ಟಿಸುವುದು. ಎರಡನೆಯದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಉಚಿತ ಯೋಜನೆಗಳಲ್ಲಿ ಮೊದಲ ಬಗೆಯೇ ಹೆಚ್ಚಾಗಿರುವುದರಿಂದ, ‘ತಕ್ಷಣ’ ಎಂಬುದು ಕೆಲವೊಮ್ಮೆ ಹದಿನೈದು ನಿಮಿಷವೂ ಆಗಬಹುದು.

ಹಿನ್ನೆಲೆ

2007ರಲ್ಲಿ ಬಂದು 2015ರಲ್ಲಿ ಮುಚ್ಚಿಹೋದ ಯಾಹೂ ಪೈಪ್ಸ್, ಮಾಹಿತಿಯ ಹರಿವನ್ನು ಚಿತ್ರದಂತೆ ಜೋಡಿಸುವ ಕಲ್ಪನೆಯನ್ನು ಜನಪ್ರಿಯಗೊಳಿಸಿತು. ಐಎಫ್‌ಟಿಟಿಟಿ ಮತ್ತು ಝೇಪಿಯರ್ ಸೇವೆಗಳು ಸುಮಾರು 2011ರಿಂದ ಬೆಳೆದವು. ಮೈಕ್ರೋಸಾಫ್ಟ್ 2016ರಲ್ಲಿ ಫ್ಲೋ ಎಂಬ ಸೇವೆ ತಂದು 2019ರಲ್ಲಿ ಅದಕ್ಕೆ ಪವರ್ ಆಟೊಮೇಟ್ ಎಂದು ಹೆಸರಿಟ್ಟಿತು. ಜೋಹೊ ಫ್ಲೋ ಚೆನ್ನೈ ಮೂಲದ ಜೋಹೊ ಸಂಸ್ಥೆಯದು. 2019ರಲ್ಲಿ ಬಂದ ಎನ್‌8ಎನ್ ತಂತ್ರಾಂಶವನ್ನು ಸಂಸ್ಥೆಗಳು ತಮ್ಮದೇ ಸರ್ವರ್‌ನಲ್ಲಿಯೂ ಸ್ಥಾಪಿಸಿಕೊಳ್ಳಬಹುದು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ನಿಯಮ ಮೊದಲು ಬಂದಿತು, ಸಾಧನ ಆಮೇಲೆ. 2011ರಲ್ಲಿ ರೂಪುಗೊಂಡ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದು, ಪ್ರತಿ ಸೇವೆಗೂ ಗಡುವು ಮತ್ತು ಹೊಣೆಗಾರ ಅಧಿಕಾರಿಯನ್ನು ಗೊತ್ತುಮಾಡಿತು. ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆ ದೊರೆಯುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಮೊತ್ತ ಚಿಕ್ಕದು. ಆದರೆ ಯಾವ ಹಂತ ಯಾರದು, ಎಷ್ಟು ದಿನದ್ದು ಎಂಬುದು ಬರಹದಲ್ಲಿ ನಿಂತದ್ದೇ ದೊಡ್ಡ ಬದಲಾವಣೆ. ಸ್ವಯಂಚಾಲನೆಗೆ ಬೇಕಾದ ಕಚ್ಚಾ ವಸ್ತು ಅದೇ.

ಸೇವಾಸಿಂಧುವಿನ ಅರ್ಜಿಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಸರ್ವೀಸ್‌ಪ್ಲಸ್ ಎಂಬ ಚೌಕಟ್ಟಿನ ಮೇಲೆ ನಡೆಯುತ್ತವೆ. ಪಂಚಾಯತಿಗಳಿಗಾಗಿ ಸಿದ್ಧಪಡಿಸಿದ ತಂತ್ರಾಂಶಗಳ ಸಮೂಹದ ಭಾಗವಾಗಿ ಇದು ಹುಟ್ಟಿತು. ಹೊಸ ಸೇವೆಯೊಂದನ್ನು ಸೇರಿಸುವಾಗ ಅರ್ಜಿ ನಮೂನೆ, ಲಗತ್ತಿಸಬೇಕಾದ ದಾಖಲೆಗಳು, ಶುಲ್ಕ, ಪರಿಶೀಲನೆ, ಶಿಫಾರಸು ಮತ್ತು ಅನುಮೋದನೆಯ ಹಂತಗಳು, ಕೊನೆಗೆ ಕೊಡುವ ಪ್ರಮಾಣಪತ್ರದ ಮಾದರಿ ಇವುಗಳನ್ನು ಪರದೆಯಲ್ಲಿಯೇ ವಿವರಿಸಲಾಗುತ್ತದೆ.

ಮಲಪ್ರಭೆಯ ದಡದಲ್ಲಿರುವ ಶಿವಯೋಗ ಮಂದಿರದ ಸುತ್ತಲಿನ ಯಾವುದಾದರೂ ಹಳ್ಳಿಯ ವೃದ್ಧರೊಬ್ಬರು ಗ್ರಾಮ ಒನ್ ಕೇಂದ್ರದಲ್ಲಿ ಹಿರಿಯ ನಾಗರಿಕರ ಗುರುತಿನ ಚೀಟಿಗೆ ಅರ್ಜಿ ಹಾಕಿದರೆ, ಬಾಗಲಕೋಟೆ ಜಿಲ್ಲೆ, ಬಾದಾಮಿ ತಾಲ್ಲೂಕು ಎಂದು ಆರಿಸಿದ ಆಧಾರದ ಮೇಲೆಯೇ ಅರ್ಜಿಯ ದಾರಿ ನಿರ್ಧಾರವಾಗುತ್ತದೆ. ಇಲ್ಲಿ ಪ್ರದೇಶಗಳ ಪಟ್ಟಿ ತಂತ್ರಾಂಶದ ಒಳಗೆ ಬೆರೆತಿರುವುದಿಲ್ಲ, ಪ್ರತ್ಯೇಕವಾಗಿರುತ್ತದೆ. ಹುನಗುಂದದಿಂದ ಇಳಕಲ್ ಬೇರ್ಪಟ್ಟು ಹೊಸ ತಾಲ್ಲೂಕಾದಂಥ ಸಂದರ್ಭದಲ್ಲಿ ಇದರ ಉಪಯೋಗ ತಿಳಿಯುತ್ತದೆ: ಇಂಥ ವ್ಯವಸ್ಥೆಯಲ್ಲಿ ತಿದ್ದಬೇಕಾದದ್ದು ಪಟ್ಟಿ ಮತ್ತು ಅಧಿಕಾರಿಗಳ ಹಂಚಿಕೆ, ಪ್ರೋಗ್ರಾಂ ಅಲ್ಲ. ಹಾಗೆಂದು ಪಟ್ಟಿಯನ್ನು ತಿದ್ದದೆ ಬಿಟ್ಟರೆ, ಅರ್ಜಿಯು ಹಳೆಯ ಕಚೇರಿಗೆ ಅಷ್ಟೇ ವೇಗವಾಗಿ ತಲುಪುತ್ತದೆ.

ಆರಂಭಿಸುವ ಕ್ರಮ

ಸಾಧನವನ್ನು ಆರಿಸುವ ಮೊದಲು, ಕೆಲಸವು ಈಗ ಕೈಯಿಂದ ಹೇಗೆ ನಡೆಯುತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಸರಿಯಾದ ಮೊದಲ ಹೆಜ್ಜೆ. ಹೊಸಬರು ಸಾಮಾನ್ಯವಾಗಿ ಇದನ್ನೇ ಬಿಡುತ್ತಾರೆ. ಯಾರು ನಿರ್ಧರಿಸುತ್ತಾರೆ, ಅವರು ರಜೆಯಲ್ಲಿದ್ದರೆ ಯಾರು, ಒಂದು ದಾಖಲೆ ಇಲ್ಲದಿದ್ದರೆ ಏನು ಎಂಬ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಮಾತ್ರ ಇದ್ದಲ್ಲಿ ಸ್ವಯಂಚಾಲನೆ ನಿಲ್ಲುವುದಿಲ್ಲ.

ಇಳಕಲ್‌ನಲ್ಲಿ ಸೀರೆ ಮಾರುವ ಅಂಗಡಿಯೊಂದು ಬೇಡಿಕೆಗಳನ್ನು ಆನ್‌ಲೈನ್ ನಮೂನೆಯಲ್ಲಿ ಪಡೆಯಲು ಬಯಸುತ್ತದೆ ಎಂದಿಟ್ಟುಕೊಳ್ಳಬಹುದು. ನಮೂನೆ ತುಂಬಿದ ಕೂಡಲೇ ವಿವರವು ಸ್ಪ್ರೆಡ್‌ಶೀಟ್‌ಗೆ ಸೇರಬೇಕು. ದಡಿ ಗೋಮಿಯಾದರೆ ಒಬ್ಬ ನೇಕಾರರಿಗೆ, ಚಿಕ್ಕಿಯಾದರೆ ಇನ್ನೊಬ್ಬರಿಗೆ ಸಂದೇಶ ಹೋಗಬೇಕು. ದಡಿಯ ಹೆಸರನ್ನು ಗ್ರಾಹಕರೇ ಬರೆಯುವಂತೆ ಬಿಟ್ಟರೆ ಒಬ್ಬರು ‘ಗೋಮಿ’ ಎಂದು, ಮತ್ತೊಬ್ಬರು ‘ಗೋಮಿ ದಡಿ’ ಎಂದು ಬರೆಯುತ್ತಾರೆ. ಸಮಾನತೆಯ ಷರತ್ತು ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ಎರಡನೆಯ ಬೇಡಿಕೆ ಯಾರಿಗೂ ಮುಟ್ಟುವುದಿಲ್ಲ. ಆದ್ದರಿಂದ ಆಯ್ಕೆಯ ಪಟ್ಟಿಯನ್ನು ಕೊಡುವುದು, ಯಾವ ಷರತ್ತಿಗೂ ಹೊಂದದ ಬೇಡಿಕೆ ಅಂಗಡಿಯವರಿಗೇ ಬಂದು ಬೀಳುವಂತೆ ಕೊನೆಯ ಕವಲೊಂದನ್ನು ಇಡುವುದು ಅಗತ್ಯ. ಮೊದಲ ಹರಿವು ಒಂದು ಟ್ರಿಗರ್, ಒಂದು ಕ್ರಿಯೆಯಷ್ಟೇ ಇರುವುದು ಒಳ್ಳೆಯದು. ಸುಳ್ಳು ವಿವರಗಳಿಂದ ಪರೀಕ್ಷಿಸಿ, ಕೆಲವು ದಿನ ಹಳೆಯ ಪುಸ್ತಕವನ್ನೂ ಜೊತೆಗೆ ಬರೆದು ತಾಳೆ ನೋಡಿದ ಮೇಲೆ ಉಳಿದ ಹಂತಗಳನ್ನು ಸೇರಿಸಬಹುದು. ಹಣ ಪಾವತಿ, ಅರ್ಜಿ ತಿರಸ್ಕಾರ ಮುಂತಾದ ಹಂತಗಳಲ್ಲಿ ಮನುಷ್ಯರ ಒಪ್ಪಿಗೆಗಾಗಿ ಹರಿವನ್ನು ತಡೆದು ನಿಲ್ಲಿಸುವ ಸೌಲಭ್ಯ ಪವರ್ ಆಟೊಮೇಟ್ ಮೊದಲಾದವುಗಳಲ್ಲಿದೆ.

ತೊಡಕುಗಳು

ಸದ್ದಿಲ್ಲದೆ ನಿಂತುಹೋಗುವುದು ಇಂಥ ವ್ಯವಸ್ಥೆಗಳ ಅತ್ಯಂತ ಗಂಭೀರ ದೋಷ. ಕನೆಕ್ಟರ್‌ಗಳು ಯಾರಾದರೊಬ್ಬರ ಖಾತೆಯ ಅನುಮತಿಯಿಂದ ನಡೆಯುತ್ತವೆ. ಆ ನೌಕರ ಕೆಲಸ ಬಿಟ್ಟರೆ ಅಥವಾ ಖಾತೆಯ ಅನುಮತಿ ರದ್ದಾದರೆ ಹರಿವು ಕಡಿದುಹೋಗುತ್ತದೆ. ಅರ್ಜಿದಾರರು ಮಾತ್ರ ಕಾಯುತ್ತಲೇ ಇರುತ್ತಾರೆ. ಸಂಸ್ಥೆಯ ಹೆಸರಿನ ಖಾತೆ ಬಳಸುವುದರಿಂದ ಮತ್ತು ವಿಫಲವಾದಾಗ ಎಚ್ಚರಿಕೆ ಬರುವಂತೆ ಮಾಡುವುದರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು. ಹರಿವಿನ ಕ್ರಿಯೆಯೇ ಅದರ ಟ್ರಿಗರ್ ಆಗಿಬಿಟ್ಟರೆ ಅದು ಕೊನೆಯಿಲ್ಲದೆ ಸುತ್ತುತ್ತದೆ. ಕ್ರಿಯೆಗಳ ಎಣಿಕೆಯ ಮೇಲೆ ಶುಲ್ಕ ವಿಧಿಸುವ ಸೇವೆಗಳಲ್ಲಿ ಇದರ ವೆಚ್ಚವೂ ಏರುತ್ತದೆ.

ಕನ್ನಡಕ್ಕೆ ವಿಶೇಷವಾದ ತೊಡಕೂ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪಾದ ಕಡತಗಳು ಕ್ಲೌಡ್ ಸೇವೆಗೆ ಹೋದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಒಂದೇ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ ಇರುವುದು ಪರಿವರ್ತನೆಯಿಂದ ಸರಿಹೋಗದು. ಅಂಥ ಅರ್ಜಿಗಳನ್ನು ತಾನಾಗಿ ತಿರಸ್ಕರಿಸುವ ಬದಲು ಅಧಿಕಾರಿಯ ಪರಿಶೀಲನೆಗೆ ಕಳುಹಿಸುವ ಕವಲು ಬೇಕಾಗುತ್ತದೆ. ಜನರ ವೈಯಕ್ತಿಕ ವಿವರಗಳು ಹರಿಯುವಲ್ಲಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಗಮನದಲ್ಲಿರಬೇಕು: ಹರಿವಿನ ಪ್ರತಿ ಕನೆಕ್ಟರ್ ಆ ವಿವರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಉಳಿಸಬಲ್ಲದು.