ಜಕಣಿ ಬಾವಿಯಿಂದ ಅದರಗುಂಚಿಗೆ: ಸ್ವಾತಂತ್ರ್ಯದ ಹಿಂದೆ, ಮುಂದೆ ಜನಸಂಘರ್ಷ

1921ರ ಜುಲೈ 1ರಂದು ಧಾರವಾಡದಲ್ಲಿ ಶೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಖಿಲಾಫತ್ ಚಳವಳಿಯ ಮೂವರು ಸತ್ತರು. ಜಕಣಿ ಬಾವಿಯ ಹುತಾತ್ಮ ಸ್ಮಾರಕ ಅವರದು. ಅಲ್ಲಿ ಎದುರಾಳಿ ಯಾರೆಂಬ ಗೊಂದಲವಿರಲಿಲ್ಲ. ಮೂವತ್ತೆರಡು ವರ್ಷಗಳ ಮೇಲೆ, ಅದೇ ಜಿಲ್ಲೆಯ ಹುಬ್ಬಳ್ಳಿಯಲ್ಲಿ ಜನ ಮತ್ತೆ ಬೀದಿಗಿಳಿದಾಗ ಆ ಸ್ಪಷ್ಟತೆ ಉಳಿದಿರಲಿಲ್ಲ. ಕನ್ನಡ ಪ್ರದೇಶಗಳನ್ನು ಒಂದೇ ರಾಜ್ಯವಾಗಿಸಿದ ಏಕೀಕರಣದ ಚರಿತ್ರೆಯನ್ನು ಅಭಿಮಾನದ ಕಥೆಯಾಗಿ ಬರೆಯುವವರು ಈ ತೊಡಕನ್ನು ಬೇಗ ದಾಟಿಬಿಡುತ್ತಾರೆ.

ಭಾಷಾವಾರು ಪ್ರಾಂತ್ಯದ ಭರವಸೆ ಕಾಂಗ್ರೆಸ್ಸಿನದೇ. 1920ರ ನಾಗಪುರ ಅಧಿವೇಶನದ ಬಳಿಕ ಪಕ್ಷ ತನ್ನ ಪ್ರಾಂತ ಸಮಿತಿಗಳನ್ನೇ ಭಾಷೆಯ ಆಧಾರದ ಮೇಲೆ ಕಟ್ಟಿತು. ಆಡಳಿತ ಕೈಗೆ ಬಂದ ಮೇಲೆ ಮಾತು ಬದಲಾಯಿತು. 1948ರಲ್ಲಿ ಧರ್ ಆಯೋಗ ಬೇಡವೆಂದಿತು. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿ ಆಂಧ್ರಕ್ಕಷ್ಟೇ ಬಾಗಿಲು ತೆರೆದಿಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯದಲ್ಲೇ ಉಳಿದವು.

1953ರ ಮಾರ್ಚ್ 28ರಂದು ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣ ಬಿಟ್ಟು ಮೂರೂವರೆ ತಿಂಗಳೂ ಆಗಿರಲಿಲ್ಲ. ಗೌಡರಿಗೂ ಅದೇ ಗತಿಯಾದೀತೆಂಬ ದಿಗಿಲು ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಿತು. ಏಪ್ರಿಲ್ 19ರಂದು ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಹುಬ್ಬಳ್ಳಿಯಲ್ಲಿ ಸೇರಿತು. ಏಕೀಕರಣದ ಬೇಡಿಕೆಯಿಟ್ಟು ಸಾವಿರಾರು ಜನ ಸಭಾಸ್ಥಾನಕ್ಕೆ ಮುತ್ತಿಗೆ ಹಾಕಿದರು. ಕಲ್ಲು ತೂರಿದರು. ಲಾಠಿ, ಗೋಲಿಬಾರ್, ಬಂಧನ ಎಲ್ಲವೂ ನಡೆದವು.

ಒಳಗೆ ಕೂತವರು ಯಾರು? ಎಸ್. ನಿಜಲಿಂಗಪ್ಪ, ಗುದ್ಲೆಪ್ಪ ಹಳ್ಳಿಕೇರಿಯವರ ತಲೆಮಾರು; ಬ್ರಿಟಿಷರ ಜೈಲು ಕಂಡವರು, ಏಕೀಕರಣವನ್ನು ಮನಸಾರೆ ಬಯಸಿದವರು. ಅವರನ್ನು ದ್ರೋಹಿಗಳೆಂದರೆ ಅನ್ಯಾಯವಾದೀತು. ಪಕ್ಷದ ಶಿಸ್ತು ಅವರ ಕೈ ಕಟ್ಟಿತ್ತು. ಹೊರಗಿದ್ದವರ ಕೈಯಲ್ಲಿದ್ದ ಅಸ್ತ್ರಗಳು ಉಪವಾಸ, ರಾಜೀನಾಮೆ, ಸತ್ಯಾಗ್ರಹ. ಎಲ್ಲವನ್ನೂ ಇದೇ ನಾಯಕರು ಕಲಿಸಿಕೊಟ್ಟಿದ್ದರು. (ಕಲ್ಲನ್ನು ಯಾರೂ ಕಲಿಸಿರಲಿಲ್ಲ, ನಿಜ.) ನನ್ನ ವಾದವಿಷ್ಟು: ಸ್ವಾತಂತ್ರ್ಯ ಸಂಘರ್ಷವನ್ನು ಮುಗಿಸಲಿಲ್ಲ, ಅದರ ದಿಕ್ಕನ್ನು ಮನೆಯೊಳಗೆ ತಿರುಗಿಸಿತು. 1921ರಲ್ಲಿ ಮತವಿಲ್ಲದವರು ರಸ್ತೆಗೆ ಬಂದಿದ್ದರು. 1953ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ ಮುಗಿದು ವರ್ಷವಾಗುತ್ತಲೇ, ಮತ ಹಾಕಿದವರೇ ಬಂದರು.

ಈ ವ್ಯತ್ಯಾಸದ ಫಲ ಬೇಗ ಕಂಡಿತು. ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ಸದಸ್ಯತ್ವ ಬಿಟ್ಟರು. ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಹುಟ್ಟಿ, ಹುಬ್ಬಳ್ಳಿಯ ಉಪಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿತು. ಡಿಸೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. ಅದು ಹುಬ್ಬಳ್ಳಿಯೊಂದರ ಗಳಿಕೆ ಎನ್ನುವುದು ಉತ್ಪ್ರೇಕ್ಷೆ, ಆಂಧ್ರದ ಒತ್ತಡ ದೊಡ್ಡದಿತ್ತು. ಆದರೆ ಸ್ವಂತ ಕಾರ್ಯಕರ್ತರೇ ಕೈತಪ್ಪಿ ಹೋಗುತ್ತಾರೆಂಬುದನ್ನು ಕರ್ನಾಟಕದ ಕಾಂಗ್ರೆಸ್ಸಿಗೆ ತೋರಿಸಿದ್ದು ಹುಬ್ಬಳ್ಳಿ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು, ಜಗಳ ಗಡಿಗೆ ಸರಿಯಿತು.