ದಾರಿಗನ ನೀರು

ಚೈತ್ರಮಾಸದ ಬಿಸಿಲಿನಲ್ಲಿ ಹೊಸಕೋಟೆಯಿಂದ ಹೊರಟು, ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ಹಾದು, ನೆಲಮಂಗಲ ಸೀಮೆಯ ಶಿವಗಂಗೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿರುವ ಯಾತ್ರಿಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಕಾಲ ಸುಮಾರು ಇನ್ನೂರು ವರ್ಷಗಳ ಹಿಂದಿನದು. ಹೆಗಲಲ್ಲಿ ಬುತ್ತಿಯ ಗಂಟು, ಕೈಯಲ್ಲಿ ನೀರಿನ ಸೋರೆಬುರುಡೆ. ಬುತ್ತಿ ಎರಡು ದಿನಕ್ಕೆ ಬಂದೀತು. ನೀರು ಮಧ್ಯಾಹ್ನದೊಳಗೆ ಮುಗಿದೀತು. ಮುಂದಿನ ನೀರು ಎಲ್ಲಿ? ಈ ಪ್ರಶ್ನೆಗೆ ನಮ್ಮ ಹಿಂದಿನವರು ಯಾವ ಬಗೆಯಲ್ಲಿ ಉತ್ತರ ಕಂಡುಕೊಂಡಿದ್ದರೆಂಬುದನ್ನು ಸ್ವಲ್ಪ ವಿಚಾರ ಮಾಡಬಹುದು.

ಈ ಸೀಮೆ ಮರುಭೂಮಿಯಲ್ಲ. ಆದರೆ ವರ್ಷವಿಡೀ ಹರಿಯುವ ಹೊಳೆಯೂ ಇಲ್ಲಿಲ್ಲ. ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೂ ಇಳಿಯುತ್ತವೆ. ಇಲ್ಲಿ ಅವು ಮಳೆ ಬಂದಾಗ ಮೈದುಂಬುವ, ಬೇಸಿಗೆಯಲ್ಲಿ ಮರಳು ತೋರಿಸುವ ಹಳ್ಳಗಳು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ನೆಲದಡಿ ಇರುವುದು ಗಟ್ಟಿ ಕಲ್ಲು. ಆ ಕಲ್ಲಿನ ಮೇಲೆ ಕೂತಿರುವ ಶಿಥಿಲವಾದ ಗರಸಿನಲ್ಲಿ, ಕಲ್ಲಿನ ಬಿರುಕುಗಳಲ್ಲಿ ಇಂಗಿ ನಿಂತದ್ದಷ್ಟೇ ಅಂತರ್ಜಲ. ಹೀಗಾಗಿ ಒಂದು ಕಡೆ ಸಿಹಿನೀರು ದೊರೆತರೆ ಹತ್ತು ಮಾರು ಆಚೆಗೆ ಬರಿಯ ಬಂಡೆ ಸಿಕ್ಕುವುದೂ ಉಂಟು.

ಇಂಥ ನೆಲದಲ್ಲಿ ನೀರಿನ ಕುರುಹುಗಳನ್ನು ಓದುವ ವಿದ್ಯೆ ಬಹು ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ನೇರಳೆಯ ಮರದ ಮೂಡಣಕ್ಕೆ ಸಮೀಪದಲ್ಲಿ ಹುತ್ತವಿದ್ದರೆ, ತೆಂಕಣ ಬದಿಯಲ್ಲಿ ಎರಡಾಳು ಆಳಕ್ಕೆ ಸಿಹಿನೀರು ಉಂಟೆಂಬುದು ಅವನು ಹೇಳುವ ಲಕ್ಷಣಗಳಲ್ಲೊಂದು. ಈ ವಿದ್ಯೆ ಕನ್ನಡಕ್ಕೂ ಬಂದಿತು. ಕಲ್ಯಾಣದ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯ, ವಾಸ್ತುಗಳ ಜೊತೆಗೆ ಜಲಶೋಧನೆಯೂ ಒಂದು ವಿಷಯ. ಈತ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಚಾವುಂಡರಾಯನಲ್ಲ, ಬೇರೆಯವನು. ಹುತ್ತದ ಮಾತನ್ನು ಮೂಢನಂಬಿಕೆಯೆಂದು ಪೂರ್ತಿ ತಳ್ಳಿಹಾಕುವಂತಿಲ್ಲ. ಗೆದ್ದಲಿಗೆ ತೇವ ಬೇಕು. ನೇರಳೆ, ಅತ್ತಿ, ಹೊಳೆಮತ್ತಿಗಳೂ ತೇವವಿದ್ದಲ್ಲಿ ಸೊಂಪಾಗಿ ಬೆಳೆಯುವ ಮರಗಳು. ನೀರು ಎರಡು ಮೂರು ಆಳಿನೊಳಗೆ ಇರುವವರೆಗೆ ಈ ಸಾಕ್ಷಿಗಳು ಬಹಳ ಮಟ್ಟಿಗೆ ನಂಬತಕ್ಕವೇ ಆಗಿದ್ದವು.

ಆದರೆ ದಾರಿಗನು ಗುದ್ದಲಿ ಹಿಡಿದು ಹೊರಟವನಲ್ಲ. ಅವನಿಗೆ ಬೇಕಾದದ್ದು ಈ ಹೊತ್ತಿನ ನೀರು. ಅವನ ನೆರವಿಗೆ ಬರುತ್ತಿದ್ದುದು ಊರುಗಳ ಹೆಸರು. ತೂಬಗೆರೆ, ಬೂದಿಗೆರೆ ಎಂಬ ಹೆಸರುಗಳೇ ಕೆರೆಯನ್ನು ಹೇಳುತ್ತವೆ. ಬೆಂಗಳೂರಿನ ಸುತ್ತ ‘ಸಂದ್ರ’ ಎಂದು ಕೊನೆಯಾಗುವ ಊರುಗಳಲ್ಲಿ ‘ಸಮುದ್ರ’ ಅಡಗಿದೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದ ಅಭಿಮಾನ ಅದು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಆದ್ದರಿಂದ ಇಳಿಜಾರು ಹಿಡಿದು ನಡೆದವನಿಗೆ ಮತ್ತೊಂದು ಏರಿ ಕಾಣಲೇಬೇಕು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸದ ದಿನಚರಿ 1807ರಲ್ಲಿ ಅಚ್ಚಾಯಿತು. ನೆಲ, ಬೆಳೆಗಳೊಂದಿಗೆ ದಾರಿಯ ಕೆರೆಗಳನ್ನೂ ಆತ ಗಮನಿಸಿ ಬರೆದಿದ್ದಾನೆ.

ಕೆರೆಯೆಂಬುದು ಕಟ್ಟಿದ ಮೇಲೆ ತಾನಾಗಿ ಉಳಿಯುವ ವಸ್ತುವಲ್ಲ. ಹೂಳೆತ್ತಬೇಕು, ಏರಿ ಬಿರಿದರೆ ಮುಚ್ಚಬೇಕು, ತೂಬನ್ನು ಕಾಯಬೇಕು. ಕೆರೆಯ ಕೆಲಸಕ್ಕೆಂದು ಬಿಟ್ಟ ಭೂಮಿಯ ವಿಷಯವಾಗಿ ನಮ್ಮ ಶಾಸನಗಳು ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆ ಮೊದಲಾದ ಮಾತುಗಳನ್ನು ಮತ್ತೆ ಮತ್ತೆ ಆಡುತ್ತವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಊರಿನ ನೀರಗಂಟಿ ತೂಬು ತೆಗೆದು ಮುಚ್ಚುವವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನಿಗೆ ಬಾಯಿಪಾಠ. ಇನ್ನು ದಾರಿಗನಿಗೆಂದೇ ಇದ್ದದ್ದು ಅರವಟ್ಟಿಗೆ. ಶಾಸನಗಳಲ್ಲಿ ‘ಅರವಂಟಿಗೆ’ ಎಂಬ ರೂಪವೂ ಉಂಟು. ಗುಂಡುತೋಪಿನ ನೆರಳು, ಮಣ್ಣಿನ ಕೊಡದ ತಣ್ಣೀರು, ಒಮ್ಮೊಮ್ಮೆ ಅದರೊಡನೆ ಪಾನಕ, ಮಜ್ಜಿಗೆ. ನಂಬಬಹುದಾದ ನೀರೆಂದರೆ ಯಾರೋ ಹೊಣೆ ಹೊತ್ತ ನೀರು ಎಂಬುದು ಇದರಿಂದ ತಿಳಿದುಬರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಸೊಗಸಾಗಿಯೇ ಇರುತ್ತದೆ, ಸತ್ಯವಾಗಿರುವುದಿಲ್ಲ. ನಮ್ಮ ಯಾತ್ರಿಕನ ಜಾತಿ ಯಾವುದೆಂದು ನಾವು ಕೇಳಲೇ ಇಲ್ಲ. ಅವನು ಹೊಲಗೇರಿಯವನೋ ಮಾದಿಗರ ಹಟ್ಟಿಯವನೋ ಆಗಿದ್ದರೆ, ಬಾವಿಯ ಕಟ್ಟೆಯನ್ನು ಅವನು ಹತ್ತುವಂತಿರಲಿಲ್ಲ. ಯಾರಾದರೂ ಕರುಣೆಯಿಟ್ಟು ಎತ್ತರದಿಂದ ಬೊಗಸೆಗೆ ಸುರಿಯುವವರೆಗೆ ಕಾದು ನಿಲ್ಲಬೇಕಾಗಿತ್ತು. ನೇರಳೆ ಮರವೂ ಹುತ್ತವೂ ಕೆರೆಯ ಏರಿಯೂ ಅವನಿಗೆ ನೀರನ್ನು ತೋರಿಸಬಲ್ಲವಾಗಿದ್ದವು, ಕೊಡಿಸಬಲ್ಲವಾಗಿರಲಿಲ್ಲ. ಬೊಂಬಾಯಿ ಪ್ರಾಂತದ ಮಹಾಡಿನಲ್ಲಿ ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಕೆರೆಗಿಳಿದು ನೀರು ಕುಡಿಯಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯು ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರು ಹಿಡಿದೇ ಹೇಳುತ್ತದೆ. ಒಂದು ದೇಶದ ಸಂವಿಧಾನ ಬಾವಿಯ ಮಾತೆತ್ತಬೇಕಾಗಿ ಬಂದದ್ದು ನಮ್ಮ ಸಮಾಜದ ಚರಿತ್ರೆಯ ಸಣ್ಣ ಸಂಗತಿಯೇನಲ್ಲ.

ಇಂದು ಅದೇ ದಾರಿಯಲ್ಲಿ ನಡೆದವನು ಏನು ಕಾಣುತ್ತಾನೆ? ತೆರೆದ ಬಾವಿಗಳು ಬತ್ತಿ, ಅನೇಕ ಕಡೆ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿವೆ. ಅಷ್ಟು ಆಳದ ಸುದ್ದಿಯನ್ನು ಯಾವ ಹುತ್ತವೂ ಹೇಳಲಾರದು. ಬೆಂಗಳೂರು ನಗರದ ಕೊಳಚೆನೀರನ್ನು ಸಂಸ್ಕರಿಸಿ ದೇವನಹಳ್ಳಿಯ ಕಡೆಯ ಕೆಲವು ಕೆರೆಗಳನ್ನು ತುಂಬಿಸಲಾಗುತ್ತಿದೆ. ನೆಲಕ್ಕೆ ಇಂಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಬೊಗಸೆಯಲ್ಲಿ ಎತ್ತಿ ಕುಡಿಯುವ ನೀರು ಅದಲ್ಲ. ದಾರಿಗನ ಕಣ್ಣಮುಂದೆ ತುಂಬಿದ ಕೆರೆ, ಕೈಯಲ್ಲಿ ಅಂಗಡಿಯಿಂದ ಕೊಂಡ ಸೀಸೆ. ಅಲ್ಲಿ ಜಾತಿ ಕೇಳುವವರಿಲ್ಲವೆಂಬುದು ನಿಜ, ಕಾಸು ಕೇಳುತ್ತಾರೆ.

ಯಾತ್ರಿಕನು ಕೊನೆಗೆ ಶಿವಗಂಗೆಯ ಬೆಟ್ಟವೇರುತ್ತಾನೆ. ಅಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಸಣ್ಣ ಕುಳಿಯೊಳಗೆ ತೋಳಿಳಿಸಿ ತಡಕಬೇಕು. ಕೈಗೆ ನೀರು ತಾಕಿದವನು ಪುಣ್ಯವಂತನೆಂದು ಜನರ ನಂಬಿಕೆ. ಭಕ್ತಿಯಿಂದ ಬಂದವರಿಗೆ ಅದು ಒಪ್ಪುವ ಮಾತು. ಆದರೆ ಬೆಟ್ಟದ ಕೆಳಗಿನ ಊರುಗಳಲ್ಲಿ, ಬಾಯಾರಿದವನ ಕೈಗೆ ನೀರು ತಾಕುವುದು ಅವನ ಪುಣ್ಯಕ್ಕೆ ಬಿಟ್ಟ ವಿಷಯವಾಗಬಾರದು. ಹಿಂದಿನವರು ಕೆರೆಗೆ ಹೊತ್ತ ಹೊಣೆಯನ್ನು ನಾವು ಮತ್ತೆ ಹೊರಬೇಕು. ಅವರು ಕೆಲವರಿಗೆ ಮುಚ್ಚಿದ್ದ ಬಾವಿಕಟ್ಟೆಯನ್ನು ಎಲ್ಲರಿಗೂ ತೆರೆದಿಡಬೇಕು.